ಕತ್ತುಳ್ಳ ಮೀನು

ಮೀನಿಗೆ ಕತ್ತಿಲ್ಲ. ನಾವು ದಿನವೂ ಕಾಣುವ ಸಂಗತಿಯಾದರೂ ಇದನ್ನು ಕುರಿತು ಯೋಚಿಸುವವರು ವಿರಳ. ಹಸು ಮೇಯುತ್ತಿರುವಾಗಲೇ ತಲೆಯೆತ್ತಿ ಅತ್ತಿತ್ತ ನೋಡುತ್ತದೆ. ಗೋಡೆಯ ಮೇಲಣ ಹಲ್ಲಿ ಕುಳಿತಲ್ಲಿಯೇ ತಲೆಯನ್ನು ಹೊರಳಿಸುತ್ತದೆ. ಮೀನಾದರೋ ಪಕ್ಕಕ್ಕೆ ನೋಡಬೇಕಾದರೆ ತನ್ನ ಇಡೀ ದೇಹವನ್ನೇ ತಿರುಗಿಸಬೇಕು. ಅದರ ತಲೆಬುರುಡೆಯೂ ಭುಜದ ಎಲುಬುಗಳೂ ಒಂದಕ್ಕೊಂದು ಜೋಡಣೆಗೊಂಡು ಬಿಗಿಯಾಗಿರುವುದೇ ಇದಕ್ಕೆ ಕಾರಣ. ಹೀಗಿರಲು, ಮೈಮೇಲೆ ಹುರುಪೆಗಳನ್ನೂ ಬಾಯೊಳಗೆ ಕಿವಿರುಗಳನ್ನೂ ಪಕ್ಕದಲ್ಲಿ ಈಜುರೆಕ್ಕೆಗಳನ್ನೂ ಧರಿಸಿದ್ದು, ಅದರೊಡನೆ ಸ್ವತಂತ್ರವಾಗಿ ಆಡಬಲ್ಲ ಕತ್ತೊಂದನ್ನು ಪಡೆದಿದ್ದ ಪ್ರಾಣಿಯ ಅವಶೇಷಗಳು ೨೦೦೪ರ ಬೇಸಗೆಯಲ್ಲಿ ಬೆಳಕಿಗೆ ಬಂದುವು. ಸುಮಾರು ೩೭ ಕೋಟಿ ೫೦ ಲಕ್ಷ ವರ್ಷಗಳ ಹಿಂದೆ ಹೊಳೆಗಳಲ್ಲಿ ಬಾಳಿದ್ದ ಆ ಮೀನಿನ ಹೆಸರು ಟಿಕ್ಟಾಲಿಕ್.

ಹೆಸರು ನಮ್ಮ ಕಿವಿಗೆ ವಿಚಿತ್ರವೆನಿಸಬಹುದು. ಪಳೆಯುಳಿಕೆ ದೊರೆತದ್ದು ಕೆನಡ ದೇಶದ ನುನಾವುಟ್ ಪ್ರಾಂತದಲ್ಲಿರುವ ಎಲ್ಸ್‌ಮಿಯರ್ ದ್ವೀಪದಲ್ಲಿ, ೭೭ ಡಿಗ್ರಿ ಉತ್ತರ ಅಕ್ಷಾಂಶದ ಬಳಿ. ಆ ನಾಡು ಇನ್ಯುಯಿಟ್ ಜನರದು. ಆದುದರಿಂದ ಸಂಶೋಧಕರು ಲ್ಯಾಟಿನ್ ಗ್ರೀಕ್ ಪದಗಳಿಗಾಗಿ ಹುಡುಕದೆ ಅಲ್ಲಿಯ ಹಿರಿಯರ ಮಂಡಲಿಯನ್ನೇ ಹೆಸರು ಸೂಚಿಸುವಂತೆ ಕೇಳಿಕೊಂಡರು. ಹಿರಿಯರು ತಮ್ಮ ಮಾತಿನಲ್ಲಿ ದೊಡ್ಡ ಸಿಹಿನೀರಿನ ಮೀನಿಗೆ ಇರುವ ಶಬ್ದವನ್ನು ಕೊಟ್ಟರು. ಪ್ರಾಣಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ.

ಈ ಮೀನಿನ ಅಂಗರಚನೆಯಷ್ಟೇ ಅದು ದೊರೆತ ಬಗೆಯೂ ಕುತೂಹಲಕರವಾದುದು. ಬಹುಪಾಲು ಪಳೆಯುಳಿಕೆಗಳು ಕಲ್ಲುಗಣಿಯಲ್ಲಿ, ರಸ್ತೆಯ ಅಗೆತದಲ್ಲಿ ಅಕಸ್ಮಾತ್ತಾಗಿ ಸಿಕ್ಕಿದಂಥವು. ಟಿಕ್ಟಾಲಿಕ್ ಹಾಗಲ್ಲ. ಇಂಥದೊಂದು ಪ್ರಾಣಿ ಇದ್ದಿರಬೇಕು, ಇಷ್ಟು ವಯಸ್ಸಿನ ಇಂಥ ಶಿಲೆಯಲ್ಲಿ ಅದು ದೊರೆಯಬೇಕು ಎಂದು ಮೊದಲೇ ತರ್ಕಿಸಿ, ನಕ್ಷೆಯನ್ನು ಹಿಡಿದು ಹುಡುಕಿ ಪಡೆದದ್ದು. ತರ್ಕ ಮಾಡಿದವರು ಅಮೆರಿಕದ ನೀಲ್ ಶೂಬಿನ್ ಮತ್ತು ಟೆಡ್ ಡೇಶ್ಲರ್. ಅವರೊಡನೆ ಸೇರಿದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫರಿಷ್ ಜೆಂಕಿನ್ಸ್.

ಅವರ ತರ್ಕ ಹೀಗಿತ್ತು. ಡಿವೋನಿಯನ್ ಯುಗದ ಸುಮಾರು ೩೮ ಕೋಟಿ ೫೦ ಲಕ್ಷ ವರ್ಷಗಳ ಹಿಂದಣ ಶಿಲೆಗಳಲ್ಲಿ ಯೂಸ್ತೆನೋಪ್ಟೆರಾನ್‌ನಂಥ ಮೀನುಗಳು ದೊರೆತಿವೆ. ಅವುಗಳ ಈಜುರೆಕ್ಕೆಯ ಬುಡದಲ್ಲಿ ಮಾಂಸವೂ, ನಮ್ಮ ತೋಳಿನಲ್ಲಿರುವಂತೆ ಮೊದಲು ಒಂದು ಎಲುಬು, ಅದರ ಮುಂದೆ ಎರಡು ಎಲುಬುಗಳೂ ಇವೆ. ಆದರೂ ಅವು ಸಂಪೂರ್ಣವಾಗಿ ಮೀನುಗಳೇ. ಸುಮಾರು ೩೬ ಕೋಟಿ ೫೦ ಲಕ್ಷ ವರ್ಷಗಳ ಹಿಂದಣ ಪೂರ್ವ ಗ್ರೀನ್‌ಲೆಂಡಿನ ಶಿಲೆಗಳಲ್ಲಿ ಅಕ್ಯಾಂಥೊಸ್ಟೆಗ, ಇಕ್ತಿಯೊಸ್ಟೆಗ ಎಂಬ ಪ್ರಾಣಿಗಳು ದೊರೆತಿವೆ. ಇವುಗಳಿಗೆ ಕಾಲುಗಳಿವೆ, ಕಾಲುಗಳಿಗೆ ಬೆರಳುಗಳಿವೆ. ಹಾಗಾದರೆ ಇವೆರಡರ ನಡುವಣ ಸ್ವರೂಪದ ಪ್ರಾಣಿಯನ್ನು ಹುಡುಕಬೇಕಾದದ್ದು ಇವೆರಡರ ನಡುವಣ ಕಾಲದ ಶಿಲೆಗಳಲ್ಲಿ.

ಆದರೆ ಕಾಲವೊಂದು ಸರಿಯಾದರೆ ಸಾಲದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅದರ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಭೂಗರ್ಭದ ಶಾಖ ಒತ್ತಡಗಳಲ್ಲಿ ಬೆಂದು ಮಾರ್ಪಟ್ಟ ಶಿಲೆಯದು. ಅದನ್ನು ಪುಡಿಮಾಡಿ ಜಾಲಿಸಿದರೂ ಮೀನಿನ ಮುಳ್ಳೊಂದು ಸಿಕ್ಕದು. ಎಲುಬಿರುವ ಪ್ರಾಣಿಗಳು ಜಗತ್ತಿನಲ್ಲಿ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಮೊದಲಿನದು ಅದು, ಮೇಲಾಗಿ ಬೆಂದ ಕಲ್ಲು. ಪಳೆಯುಳಿಕೆ ಬೇಕಾದರೆ ನೀರಿನಲ್ಲಿ ಹರಿದುಬಂದ ಮಣ್ಣೂ ಮರಳೂ ಪದರಪದರವಾಗಿ ತಳಕ್ಕಿಳಿದು ಗಟ್ಟಿಯಾದ ಜಲಜ ಶಿಲೆ ಬೇಕು. ಅದರಲ್ಲಿಯೂ ಆಳವಾದ ಕಡಲಿನ ಕೆಸರಲ್ಲ, ಹೊಳೆಯ, ಹೊಳೆಯ ಬಯಲಿನ ಮಣ್ಣು ಬೇಕು. ಕೊನೆಯದಾಗಿ ಆ ಶಿಲೆ ಕಾಡು, ಹೊಲ, ಊರುಗಳ ಕೆಳಗೆ ಅಡಗಿರದೆ ಬಯಲಾಗಿರಬೇಕು. ಕಾಲೇಜು ವಿದ್ಯಾರ್ಥಿಗಳಿಗಾಗಿ ಬರೆದ ಭೂವಿಜ್ಞಾನದ ಪಠ್ಯಪುಸ್ತಕವೊಂದರಲ್ಲಿದ್ದ ನಕ್ಷೆಯನ್ನು ಶೂಬಿನ್ ಮತ್ತು ಡೇಶ್ಲರ್ ನೋಡಿದರು. ಡಿವೋನಿಯನ್ ಯುಗದ ಹೊಳೆಗಳ ಮೆಕ್ಕಲು ಮೂರು ಕಡೆ ಇರುವುದಾಗಿ ಅದರಲ್ಲಿ ಗುರುತುಮಾಡಿತ್ತು. ಮೊದಲನೆಯದಾದ ಪೂರ್ವ ಗ್ರೀನ್‌ಲೆಂಡನ್ನು ಇತರರು ಶೋಧಿಸಿದ್ದರು. ಎರಡನೆಯದಾದ ಅಮೆರಿಕದ ಪೂರ್ವಭಾಗದಲ್ಲಿ ಇವರೇ ದುಡಿಯುತ್ತಿದ್ದರು. ಮೂರನೆಯದು ಕೆನಡದ ಉತ್ತರತುದಿಯ ದ್ವೀಪಗಳು. ಅಲ್ಲಿಯ ಶಿಲೆಗಳನ್ನು ಭೂವಿಜ್ಞಾನಿಗಳು ೧೯೭೦ರ ದಶಕದಲ್ಲಿಯೇ ಅಳೆದು ವರ್ಣಿಸಿದ್ದರೂ ಈ ಬಗೆಯ ಪ್ರಾಣಿಗಳಿಗಾಗಿ ಅಲ್ಲಿ ಯಾರೂ ಹುಡುಕಿರಲಿಲ್ಲ.

ಮರವೊಂದೂ ಬೆಳೆಯದ ಆ ಶೀತಪ್ರದೇಶದಲ್ಲಿ ಶಿಲೆಗಳೇನೋ ಧಾರಾಳವಾಗಿ ಬಯಲಾಗಿವೆ. ಕಷ್ಟವಿರುವುದು ಬೇರೆ ಕಡೆ. ಹಿಮ ಕರಗಿ ನೆಲ ಕಾಣುವುದು ಬೇಸಗೆಯ ಕೆಲವೇ ವಾರಗಳಲ್ಲಿ. ಆಗ ಸೂರ್ಯ ಮುಳುಗುವುದಿಲ್ಲವಾದರೂ ಗಾಳಿ ಕೊರೆಯುತ್ತದೆ. ಆಹಾರ, ಡೇರೆ, ಸಲಕರಣೆಗಳನ್ನೆಲ್ಲ ವಿಮಾನದಲ್ಲಿಯೇ ಒಯ್ಯಬೇಕು. ಹಿಮಕರಡಿಗಳ ಭಯದಿಂದ ಬಂದೂಕನ್ನೂ ಒಯ್ಯಬೇಕು. ೧೯೯೯ರ ಮೊದಲ ಯಾತ್ರೆ ನಿಷ್ಫಲವಾಯಿತು. ಅವರು ಹುಡುಕಿದ ಶಿಲೆಗಳು ಹೊಳೆಯವಲ್ಲ, ಕಡಲಿನವು. ಮರುವರ್ಷ ಅವರು ಪೂರ್ವಕ್ಕೆ ಸರಿದು ಎಲ್ಸ್‌ಮಿಯರ್ ದ್ವೀಪಕ್ಕೆ ಹೋದರು. ಅಲ್ಲಿ ಒಂದು ದಿನ ಶಿಬಿರಕ್ಕೆ ತಡವಾಗಿ ಹಿಂದಿರುಗಿದ ಕಾಲೇಜು ವಿದ್ಯಾರ್ಥಿಯೊಬ್ಬನ ಜೇಬುಗಳ ತುಂಬ ಮೀನಿನ ಎಲುಬಿನ ಚೂರುಗಳಿದ್ದುವು. ಮುಂದಿನ ಶೋಧನೆಯೆಲ್ಲ ನಡೆದದ್ದು ಅವನು ತೋರಿಸಿಕೊಟ್ಟ ಆ ಪದರದಲ್ಲಿಯೇ. ೨೦೦೪ರಲ್ಲಿ, ನಾಲ್ಕನೆಯ ಯಾತ್ರೆಯಲ್ಲಿ, ಸ್ಟೀವ್ ಗೇಟ್ಸಿ ಎಂಬವರು ಬಂಡೆಯ ಮುಖದಿಂದ ಹೊರಕ್ಕೆ ಚಾಚಿಕೊಂಡಿದ್ದ ಚಪ್ಪಟೆಯಾದ ಮೂತಿಯೊಂದನ್ನು ಕಂಡರು. ಮೂತಿ ಹೊರಕ್ಕಿದ್ದುದರಿಂದ ಉಳಿದ ದೇಹ ಬಂಡೆಯೊಳಗೆ ಇರಬೇಕೆಂದು ಹಾರೈಸಬಹುದಾಗಿತ್ತು, ಹಾಗೆಯೇ ಇತ್ತು. ೨೦೦೬ರ ಏಪ್ರಿಲ್ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ವರ್ಣನೆ ಪ್ರಕಟವಾಯಿತು.

ಶಿಲೆಯ ವಯಸ್ಸನ್ನು ತಿಳಿದದ್ದು ಹೇಗೆಂದು ಭೌತಶಾಸ್ತ್ರದ ವಿದ್ಯಾರ್ಥಿ ಕೇಳುವುದು ನ್ಯಾಯ. ಹೊಳೆಯ ಮೆಕ್ಕಲನ್ನು ನೇರವಾಗಿ ಯುರೇನಿಯಮ್ ಗಡಿಯಾರದಿಂದ ಅಳೆಯುವುದು ಸುಲಭವಲ್ಲ. ಅದರ ಒಂದೊಂದು ಮರಳಿನ ಕಣವೂ ಬೇರೆಲ್ಲಿಯೋ ಹುಟ್ಟಿ ಹರಿದುಬಂದದ್ದು. ಆದರೆ ಮಣ್ಣಿನೊಡನೆ ಆ ಕಾಲದ ಗಿಡಗಳ ಸೂಕ್ಷ್ಮವಾದ ಬೀಜಕಣಗಳೂ ಹೂತುಹೋಗಿರುತ್ತವೆ. ಅವುಗಳ ಜಾತಿಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಅದೇ ಯುಗದ ಜ್ವಾಲಾಮುಖಿಯ ಬೂದಿಯ ಪದರಗಳು ಬೇರೆ ದೇಶಗಳಲ್ಲಿ ದೊರೆಯುತ್ತವೆ. ಯುರೇನಿಯಮ್ ಸೀಸವಾಗುವ ಲೆಕ್ಕದಿಂದ ಅವುಗಳ ವಯಸ್ಸನ್ನು ನಿಖರವಾಗಿ ಹೇಳಬಹುದು. ಬೀಜಕಣಗಳು ಆ ಗಡಿಯಾರದ ಹೊತ್ತನ್ನು ಎಲ್ಸ್‌ಮಿಯರಿಗೆ ತಂದು ಮುಟ್ಟಿಸುತ್ತವೆ.

ಇನ್ನು ಪ್ರಾಣಿಯನ್ನು ನೋಡೋಣ. ಅದರ ತಲೆ ಮೊಸಳೆಯದರಂತೆ ಅಗಲವಾಗಿ ಚಪ್ಪಟೆಯಾಗಿದೆ. ಕಣ್ಣುಗಳು ಪಕ್ಕದಲ್ಲಿರದೆ ನೆತ್ತಿಯ ಮೇಲಿವೆ. ಅತಿ ದೊಡ್ಡವು ಸುಮಾರು ೨.೭ ಮೀಟರ್ ಉದ್ದವಿದ್ದಿರಬೇಕೆಂದು ಅಂದಾಜು. ಮೀನುಗಳಲ್ಲಿ ತಲೆಯನ್ನು ಭುಜಕ್ಕೆ ಬಿಗಿಯುವ ಎಲುಬಿನ ಪಟ್ಟಿಗಳೂ ಕಿವಿರಿನ ಮುಚ್ಚಳದ ಎಲುಬುಗಳೂ ಇದರಲ್ಲಿ ಲೋಪವಾಗಿವೆ, ಆದುದರಿಂದಲೇ ಕತ್ತು. ಪಕ್ಕೆಲುಬುಗಳು ಅಗಲವಾಗಿ, ಹೆಂಚಿನಂತೆ ಒಂದರ ಮೇಲೊಂದು ಹಾಯ್ದಿವೆ. ಮುಂದಿನ ಈಜುರೆಕ್ಕೆಯನ್ನು ಬಿಡಿಸಿ ನೋಡಿದರೆ ಭುಜ, ಮೊಣಕೈ, ಮಣಿಕಟ್ಟು, ಮೂರೂ ಕಾಣುತ್ತವೆ. ತುದಿಯಲ್ಲಿ ಮಾತ್ರ ಬೆರಳುಗಳಿಲ್ಲ, ಮೀನಿನ ರೆಕ್ಕೆಯ ಕಡ್ಡಿಗಳಿವೆ. ಎಲುಬಿನ ಕೀಲುಗಳನ್ನು ಒಂದೊಂದಾಗಿ ಆಡಿಸಿ ನೋಡಿದ ಸಂಶೋಧಕರು, ಈ ಮೀನು ರೆಕ್ಕೆಯ ತುದಿಯನ್ನು ನೆಲಕ್ಕೆ ಒತ್ತಿ ಮೊಣಕೈಯನ್ನು ಮಡಿಚಿ ಎದೆಯನ್ನು ಮೇಲಕ್ಕೆತ್ತಬಲ್ಲುದಾಗಿತ್ತೆಂದು ತೀರ್ಮಾನಿಸಿದರು. ಗರಡಿಯಲ್ಲಿ ದಂಡ ಹೊಡೆಯುವವನ ಭಂಗಿಯೇ ಅದು.

ಮೀನಿಗೆ ಈ ಗರಡಿಯ ಸಾಧನೆ ಏತಕ್ಕೆ? ಇದಕ್ಕೆ ಉತ್ತರವನ್ನು ಆರ್ಕಿಮಿಡೀಸನ ತತ್ತ್ವದಿಂದ ಆರಂಭಿಸಬೇಕು. ಮೀನಿನ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹುಮಟ್ಟಿಗೆ ಸಮ. ಲೆಕ್ಕಕ್ಕಾಗಿ ೧೦೦ ಕಿಲೋಗ್ರಾಂ ಮೀನೊಂದನ್ನು ತೆಗೆದುಕೊಳ್ಳೋಣ. ಪೂರ್ತಿ ಮುಳುಗಿರುವಾಗ ಅದು ಸುಮಾರು ೧೦೦ ಲೀಟರ್ ನೀರನ್ನು ಸರಿಸುತ್ತದೆ; ನೀರು ಅದನ್ನು ಅಷ್ಟೇ ಬಲದಿಂದ ಎತ್ತುತ್ತದೆ; ಅದರ ತೋರಿಕೆಯ ತೂಕ ಸೊನ್ನೆಗೆ ಸಮೀಪ. ದಡಕ್ಕೆ ತಂದಿಟ್ಟರೆ ೧೦೦ ಕಿಲೋಗ್ರಾಮೂ ಅದರ ಮೇಲೆಯೇ ಬೀಳುತ್ತದೆ. ಎದೆಗೂಡು ಕುಸಿಯುತ್ತದೆ, ಶ್ವಾಸಾಂಗಗಳು ಅದರಡಿ ಸಿಕ್ಕಿ ಅಪ್ಪಚ್ಚಿಯಾಗುತ್ತವೆ. ನೀರಿನಿಂದ ನೆಲಕ್ಕೆ ಒಂದೇ ನೆಗೆತದಲ್ಲಿ ಬರುವುದು ಅಸಾಧ್ಯವೆಂದು ತೋರುವುದು ಇದರಿಂದಲೇ. ಆದರೆ ಮೊಣಕಾಲುದ್ದದ ನೀರನ್ನು ಯೋಚಿಸಿ ನೋಡಿ. ಅಲ್ಲಿ ದೇಹದ ನಾಲ್ಕನೆಯ ಒಂದು ಪಾಲು ನೀರಿನ ಮೇಲಿದ್ದರೆ ಹೊರಬೇಕಾದ ತೂಕ ೨೫ ಕಿಲೋಗ್ರಾಂ ಮಾತ್ರ. ಅರ್ಧ ಮೇಲಿದ್ದರೆ ೫೦. ಸಾಲವನ್ನು ಕಂತುಕಂತಾಗಿ ತೀರಿಸುವಂತೆ, ತೂಕವನ್ನು ಸ್ವಲ್ಪಸ್ವಲ್ಪವಾಗಿ ಹೊರುವುದಕ್ಕೆ ಆಳವಿಲ್ಲದ ನೀರು ಅವಕಾಶ ಕೊಡುತ್ತದೆ. ಟಿಕ್ಟಾಲಿಕ್ಕಿನ ದಪ್ಪ ಪಕ್ಕೆಲುಬುಗಳನ್ನೂ ಮೊಣಕೈಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಅವು ನೆಲದ ಮೇಲೆ ನಡೆಯುವ ಪ್ರಾಣಿಯ ಅಂಗಗಳಲ್ಲ. ತೊರೆಯ ಅಂಚಿನ ತೆಳುನೀರಿನಲ್ಲಿ ಹೊಟ್ಟೆಯನ್ನು ತಳದಿಂದ ಎತ್ತಿ ಹಿಡಿಯುವ ಮೀನಿನ ಅಂಗಗಳು.

ಎರಡನೆಯ ಪ್ರಶ್ನೆ ಉಸಿರಿನದು. ಒಂದು ಲೀಟರ್ ಗಾಳಿಯಲ್ಲಿ ಸುಮಾರು ೨೧೦ ಮಿಲಿಲೀಟರ್ ಆಮ್ಲಜನಕವಿದೆ. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಪೂರ್ಣವಾಗಿ ಸಂತೃಪ್ತವಾದಾಗಲೂ ಕರಗಿಸಿಕೊಳ್ಳುವುದು ಸುಮಾರು ೬ ಮಿಲಿಲೀಟರ್. ನೀರು ಬಿಸಿಯಾದಷ್ಟೂ ಇದು ಇನ್ನೂ ತಗ್ಗುತ್ತದೆ. ಇಂದು ಹಿಮದಲ್ಲಿ ಹೂತಿರುವ ಎಲ್ಸ್‌ಮಿಯರ್ ಡಿವೋನಿಯನ್ ಯುಗದಲ್ಲಿ ಭೂಮಧ್ಯರೇಖೆಯ ಸಮೀಪದಲ್ಲಿತ್ತು. ಖಂಡಗಳ ಚಲನೆ ಅದನ್ನು ಅನಂತರ ಉತ್ತರಕ್ಕೆ ಒಯ್ದಿತು. ಬೆಚ್ಚಗಿನ ನಿಧಾನವಾದ ಹೊಳೆ. ಜಗತ್ತಿನ ಮೊದಲ ಕಾಡುಗಳು ಆಗತಾನೆ ಹಬ್ಬುತ್ತಿದ್ದ ಕಾಲ. ನೀರಿಗೆ ಬಿದ್ದು ಕೊಳೆಯುವ ಸೊಪ್ಪು ಸದೆ. ಇಂಥ ನೀರಿನಲ್ಲಿ ಕಿವಿರೊಂದನ್ನೇ ನಂಬಿ ಬದುಕುವುದು ಕಷ್ಟ. ನಮ್ಮ ಕೆರೆಗಳ ಕೊರವ ಮೀನು ಆಗಾಗ ಮೇಲಕ್ಕೆ ಬಂದು ಗಾಳಿ ನುಂಗಿ ಹೋಗುವುದನ್ನು ಹಳ್ಳಿಯ ವಿದ್ಯಾರ್ಥಿಗಳು ನೋಡಿರಬಹುದು. ಟಿಕ್ಟಾಲಿಕ್ಕಿಗೆ ಕಣ್ಣುಗಳ ಹಿಂದೆ, ನೆತ್ತಿಯ ಮೇಲೆ, ಎರಡು ಅಗಲವಾದ ಶ್ವಾಸರಂಧ್ರಗಳಿದ್ದುವು. ಅವುಗಳ ಮೂಲಕ ಅದು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಿತ್ತೆಂದು ಊಹಿಸಲು ಕಾರಣವಿದೆ. ಕಿವಿರುಗಳೂ ಇದ್ದುವು; ಅದು ಎರಡೂ ಬಗೆಯಲ್ಲಿ ಉಸಿರಾಡುತ್ತಿದ್ದಿರಬೇಕು.

ಕತ್ತಿನ ವಿಷಯಕ್ಕೆ ಮರಳೋಣ. ಮುಳುಗಿ ತೇಲುವ ಮೀನು ಬಾಲವನ್ನೊಮ್ಮೆ ಬೀಸಿ ದಿಕ್ಕು ಬದಲಿಸಬಲ್ಲುದು. ರೆಕ್ಕೆಗಳನ್ನು ತಳಕ್ಕೆ ಊರಿ ನಿಂತ ಮೀನಿಗೆ ಈ ಸೌಲಭ್ಯವಿಲ್ಲ. ಅದರ ತಲೆ ತಾನೇ ಹೊರಳಬೇಕು. ಬೇಟೆಯ ರೀತಿಯೂ ಇಲ್ಲಿ ಬದಲಾಗುತ್ತದೆ. ಬಹುಪಾಲು ಮೀನುಗಳು ಬಾಯನ್ನು ಥಟ್ಟನೆ ಅಗಲಿಸಿ, ನುಗ್ಗುವ ನೀರಿನೊಡನೆ ಬೇಟೆಯನ್ನೂ ಸೆಳೆದುಕೊಳ್ಳುತ್ತವೆ. ಗಾಳಿಯ ಸಾಂದ್ರತೆ ನೀರಿನದರ ೮೦೦ರಲ್ಲಿ ಒಂದು ಪಾಲು ಮಾತ್ರ. ನುಗ್ಗುವ ಗಾಳಿಗೆ ಬೇಟೆಯನ್ನು ಹೊತ್ತು ತರುವ ಶಕ್ತಿಯಿಲ್ಲ. ಗಾಳಿಯಲ್ಲಿ ಕಚ್ಚಿಯೇ ಹಿಡಿಯಬೇಕು. ಟಿಕ್ಟಾಲಿಕ್ಕಿನ ತಲೆಬುರುಡೆಯನ್ನು ಕ್ಷಕಿರಣಗಳಿಂದ ಪರೀಕ್ಷಿಸಿ ೨೦೨೧ರಲ್ಲಿ ಪ್ರಕಟಿಸಿದ ಸಂಶೋಧನೆ, ಅದು ಕಚ್ಚುವುದಕ್ಕೆ ತಕ್ಕ ಉದ್ದ ದವಡೆಯನ್ನೂ ಹೀರುವುದಕ್ಕೆ ನೆರವಾಗುವ ಜಾರುಕೀಲುಗಳನ್ನೂ ಒಟ್ಟಿಗೆ ಪಡೆದಿತ್ತೆಂದು ತೋರಿಸಿತು. ಹಳೆಯ ವಿದ್ಯೆಯನ್ನು ಬಿಡದೆ ಹೊಸದನ್ನೂ ಕಲಿತ ಬಾಯಿ!

ಕಣ್ಣಿನ ಕಥೆ ನನ್ನಂಥ ಭೌತಶಾಸ್ತ್ರದ ಅಧ್ಯಾಪಕನಿಗೆ ಎಲ್ಲಕ್ಕಿಂತ ಪ್ರಿಯವಾದುದು. ಹೊಳೆಯ ನೀರು ಬೆಳಕನ್ನು ಹೀರುತ್ತದೆ, ಚದುರಿಸುತ್ತದೆ. ಕೆಲವು ಮೀಟರುಗಳಾಚೆ ಎಲ್ಲವೂ ಮಸುಕು. ಅಲ್ಲಿ ಕಣ್ಣನ್ನು ಎಷ್ಟು ದೊಡ್ಡದು ಮಾಡಿದರೂ ಲಾಭ ಸ್ವಲ್ಪವೇ. ಗಾಳಿಯಲ್ಲಿ ದೃಷ್ಟಿ ಬಹುದೂರ ಹರಿಯುತ್ತದೆ. ಮ್ಯಾಲ್ಕಮ್ ಮೆಕೈವರ್, ಲಾರ್ಸ್ ಷ್ಮಿಟ್ಸ್ ಮತ್ತು ಅವರ ಸಂಗಡಿಗರು ಆ ಕಾಲದ ಅನೇಕ ತಲೆಬುರುಡೆಗಳ ಕಣ್ಣುಗುಳಿಗಳನ್ನು ಅಳೆದು ೨೦೧೭ರಲ್ಲಿ ಒಂದು ಫಲಿತಾಂಶವನ್ನು ಮುಂದಿಟ್ಟರು. ಈ ವಂಶದಲ್ಲಿ ಕಣ್ಣುಗಳು ನೆತ್ತಿಗೇರಿ ಸುಮಾರು ಮೂರುಪಟ್ಟು ದೊಡ್ಡದಾದುವು. ಮತ್ತು ಇದು ನಡೆದದ್ದು ಕಾಲುಗಳು ಪೂರ್ಣವಾಗಿ ರೂಪುಗೊಳ್ಳುವ ಮೊದಲು. ದೇಹ ನೀರಿನಲ್ಲಿದ್ದು ಕಣ್ಣುಗಳು ಮಾತ್ರ ಮೇಲಿರುವ ಮೊಸಳೆಯ ನೋಟ ಅದು. ತೊಡಕೂ ಇಲ್ಲದಿರಲಿಲ್ಲ. ಕಣ್ಣಿನ ಹೊರಪೊರೆಯ ವಕ್ರೀಭವನಾಂಕ ಸುಮಾರು ೧.೩೮, ನೀರಿನದು ೧.೩೩; ಆದ್ದರಿಂದ ನೀರಿನಲ್ಲಿ ಆ ಪೊರೆ ಬೆಳಕನ್ನು ಬಗ್ಗಿಸುವುದು ಅತ್ಯಲ್ಪ; ಮೀನು ಗುಂಡಾದ ಮಸೂರವನ್ನೇ ನಂಬಬೇಕು. ಅದೇ ಕಣ್ಣು ಗಾಳಿಗೆ ಬಂದೊಡನೆ ಹೊರಪೊರೆಯೂ ಬಲವಾದ ಮಸೂರವಾಗಿ, ಬಿಂಬ ಅಕ್ಷಿಪಟದ ಮುಂದೆಯೇ ಬಿದ್ದು, ಸಮೀಪದೃಷ್ಟಿಯ ದೋಷ ತಲೆದೋರುತ್ತದೆ. ಮೇಲಕ್ಕೆ ನೋಡಿದ ಮೊದಲ ಮೀನುಗಳಿಗೆ ದಡ ಕಂಡದ್ದು ಮಸಕುಮಸಕಾಗಿಯೇ ಇರಬೇಕು.

ಕೆರೆ ಬತ್ತಿದಾಗ ಮೀನುಗಳು ಇನ್ನೊಂದು ಕೆರೆಯನ್ನರಸಿ ತೆವಳುತ್ತ ಹೋಗಿ ಕಾಲು ಪಡೆದುವೆಂಬ ವಿವರಣೆಯನ್ನು ಆಲ್ಫ್ರೆಡ್ ರೋಮರ್ ಪ್ರಚಾರಕ್ಕೆ ತಂದಿದ್ದರು; ಎಷ್ಟೋ ಕಾಲ ಪಠ್ಯಪುಸ್ತಕಗಳಲ್ಲಿ ಅದೇ ನಡೆದುಬಂದಿತು. ಅದರ ಬುಡ ಅಲುಗಿದ್ದು ಅಕ್ಯಾಂಥೊಸ್ಟೆಗದಿಂದ. ಜೆನಿ ಕ್ಲ್ಯಾಕ್ ಮತ್ತು ಮೈಕೇಲ್ ಕೋಟ್ಸ್ ೧೯೯೦ರಲ್ಲಿ ಅದರ ಮುಂಗಾಲಿನಲ್ಲಿ ಎಂಟು ಬೆರಳುಗಳನ್ನು ಕಂಡರು. ಆ ಕಾಲು ನಡೆಯುವುದಕ್ಕಿಂತ ನೀರಿನಲ್ಲಿ ಹುಟ್ಟುಹಾಕುವುದಕ್ಕೆ ತಕ್ಕುದಾಗಿತ್ತು. ನೀರಿನಲ್ಲಿಯೇ ಇದ್ದ ಪ್ರಾಣಿಗೆ ಕಾಲು ಬಂದಿತ್ತು! ಟಿಕ್ಟಾಲಿಕ್ ಇದನ್ನು ಇನ್ನೊಂದು ಹೆಜ್ಜೆ ಹಿಂದಕ್ಕೆ ಒಯ್ಯುತ್ತದೆ. ಕತ್ತು, ಮೊಣಕೈ, ಎದೆಗೂಡು, ನೆತ್ತಿಯ ಕಣ್ಣು—ನೆಲವಾಸಿಗಳ ಸ್ವತ್ತೆಂದು ನಾವು ಎಣಿಸಿದ್ದ ಇವೆಲ್ಲವೂ ಮೀನಿನ ಮನೆಯಲ್ಲಿಯೇ, ಮೀನಿನ ಕೆಲಸಕ್ಕಾಗಿಯೇ ಸಿದ್ಧವಾದುವು.

ಟಿಕ್ಟಾಲಿಕ್ಕಿನ ಶೋಧವನ್ನು ನೆಪ್ಚೂನ್ ಗ್ರಹದ ಶೋಧಕ್ಕೆ ಹೋಲಿಸುವುದು ಸಹಜ. ಲವೆರ್ಯೇ ಲೆಕ್ಕಹಾಕಿ ಹೇಳಿದ ಎಡೆಯಿಂದ ಒಂದು ಡಿಗ್ರಿಯೊಳಗೆ, ೧೮೪೬ರ ಸೆಪ್ಟೆಂಬರ್ ೨೩ರಂದು, ಬರ್ಲಿನ್ನಿನಲ್ಲಿ ಗಾಲೆ ಆ ಗ್ರಹವನ್ನು ಕಂಡ. ಅದೇ ಲವೆರ್ಯೇ ೧೮೫೯ರಲ್ಲಿ ಬುಧಗ್ರಹದ ಚಲನೆಯ ವ್ಯತ್ಯಾಸವನ್ನು ವಿವರಿಸಲು ಸೂರ್ಯನ ಬಳಿ ಇನ್ನೊಂದು ಗ್ರಹವಿರಬೇಕೆಂದದ್ದನ್ನು ಅಷ್ಟಾಗಿ ಯಾರೂ ಸ್ಮರಿಸುವುದಿಲ್ಲ. ಆ ಗ್ರಹ ಇರಲೇ ಇಲ್ಲ. ವ್ಯತ್ಯಾಸದ ನಿಜವಾದ ಕಾರಣ ೧೯೧೫ರಲ್ಲಿ ಐನ್‌ಸ್ಟೈನರ ಸಿದ್ಧಾಂತದಿಂದ ತಿಳಿಯಿತು. ಆದ್ದರಿಂದ ಭವಿಷ್ಯ ಫಲಿಸಿದಾಗಲೂ ಅದರ ಆಧಾರಗಳನ್ನು ಒಂದೊಂದಾಗಿ ತಟ್ಟಿ ನೋಡುವುದು ಒಳ್ಳೆಯದು.

ತಟ್ಟಿ ನೋಡುವ ಸಂದರ್ಭ ಬೇಗನೆ ಬಂದಿತು. ಪೋಲೆಂಡ್ ದೇಶದ ಜಾಹೆಲ್ಮಿಯೆ ಎಂಬಲ್ಲಿಯ ಹಳೆಯ ಕಲ್ಲುಗಣಿಯೊಂದರಲ್ಲಿ ಹೆಜ್ಜೆಗುರುತುಗಳ ಸಾಲುಗಳು ದೊರೆತಿರುವುದಾಗಿ ಗ್ಷೆಗೋಷ್ ನೆಜ್ವೆಟ್ಸ್ಕಿ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದರು. ಕೆಲವು ಗುರುತುಗಳಲ್ಲಿ ಬೆರಳುಗಳ ಅಚ್ಚೂ ಇದೆಯೆಂದು ಅವರ ವಾದ. ಆ ಶಿಲೆಯ ವಯಸ್ಸು ಸುಮಾರು ೩೯ ಕೋಟಿ ವರ್ಷ; ಎಂದರೆ ಟಿಕ್ಟಾಲಿಕ್ಕಿಗಿಂತ ಕೋಟಿ ವರ್ಷಕ್ಕೂ ಮಿಕ್ಕಿ ಹಿಂದಿನದು! ಅವು ಹೆಜ್ಜೆಗುರುತುಗಳಲ್ಲ, ಮೀನುಗಳು ತಳದಲ್ಲಿ ತೋಡಿದ ಗುಳಿಗಳು ಎನ್ನುವ ತಜ್ಞರೂ ಇದ್ದಾರೆ. ಎಲುಬೊಂದೂ ಅಲ್ಲಿ ದೊರೆತಿಲ್ಲ. ಆದರೂ ಗುರುತುಗಳು ನಿಜವೆಂದು ಇಟ್ಟುಕೊಂಡು ಶೂಬಿನ್ ಮತ್ತು ಡೇಶ್ಲರರ ತರ್ಕವನ್ನು ಮತ್ತೆ ಓದಿ ನೋಡೋಣ. ಯೂಸ್ತೆನೋಪ್ಟೆರಾನ್‌ಗೂ ಅಕ್ಯಾಂಥೊಸ್ಟೆಗಕ್ಕೂ ನಡುವಣ ಎರಡು ಕೋಟಿ ವರ್ಷಗಳಲ್ಲಿ ಮೀನಿನಿಂದ ಚತುಷ್ಪಾದಿ ಉದಯವಾಯಿತೆಂಬುದು ಅವರ ಆಧಾರ. ಗುರುತುಗಳು ನಿಜವಾದರೆ ಆ ಉದಯ ಅದಕ್ಕೂ ಮೊದಲೇ ಆಗಿಹೋಗಿತ್ತು. ಪ್ರಾಣಿ ದೊರೆತದ್ದು ಸತ್ಯ; ಶಿಲೆಯ ಬಗೆಯನ್ನು ಕುರಿತ ತರ್ಕ ಸರಿಯಾಗಿತ್ತು; ಕಾಲವನ್ನು ಕುರಿತ ತರ್ಕ ಮಾತ್ರ ಶಿಥಿಲವಾಗಿರಬಹುದು. ಕೊನೆಯ ಉತ್ತರ ಸರಿಯಿದ್ದು ನಡುವಣ ಒಂದು ಹಂತ ಸಂಶಯಾಸ್ಪದವಾಗಿರುವ ಲೆಕ್ಕಗಳನ್ನು ಉತ್ತರಪತ್ರಿಕೆ ತಿದ್ದುವವರೆಲ್ಲರೂ ಕಂಡಿದ್ದಾರೆ.

ಹಾಗಾದರೆ ಟಿಕ್ಟಾಲಿಕ್ಕಿನ ಬೆಲೆ ಕುಗ್ಗಿತೇ? ಅದನ್ನು ನಮ್ಮೆಲ್ಲರ ಮುತ್ತಜ್ಜನೆಂದು ಸಾರಿದ್ದ ಪತ್ರಿಕೆಗಳ ದೃಷ್ಟಿಯಲ್ಲಿ ಕುಗ್ಗಿತೆನ್ನಬೇಕು. ‘ಕಳೆದುಹೋದ ಕೊಂಡಿ’ ಎಂಬ ಮಾತೇ ತಪ್ಪುದಾರಿಗೆ ಎಳೆಯುವಂಥದು. ವಂಶವೆಂಬುದು ಒಂದೇ ಎಳೆಯ ಸರಪಳಿಯಲ್ಲ, ಕವಲೊಡೆದ ಮರ. ಅಜ್ಜ ತೀರಿಕೊಂಡ ಬಳಿಕವೂ ಅಜ್ಜನ ತಮ್ಮನ ಮನೆಯಲ್ಲಿ ಹಳೆಯ ಪದ್ಧತಿಗಳು ಉಳಿದಿರಬಹುದು. ಟಿಕ್ಟಾಲಿಕ್ ಅಂಥ ಮನೆಯದು. ಕಾಲುಗಳು ಎಂದು ಬಂದುವೆಂದು ಹೇಳುವುದಕ್ಕೆ ಅದು ಒಳ್ಳೆಯ ಸಾಕ್ಷಿಯಲ್ಲ. ಹೇಗೆ ಬಂದುವೆಂದು ಹೇಳುವುದಕ್ಕೆ ಬಹಳ ಒಳ್ಳೆಯ ಸಾಕ್ಷಿ.

ಅದರ ಸಾಕ್ಷ್ಯ ಮುಗಿದೂ ಇಲ್ಲ. ೨೦೧೪ರಲ್ಲಿ ವರ್ಣಿತವಾದ ಸೊಂಟದ ಎಲುಬು ಭುಜದ ಎಲುಬಿನಷ್ಟೇ ದೊಡ್ಡದಾಗಿದ್ದಿತು. ಹಿಂದಿನ ರೆಕ್ಕೆಗಳೂ ಬಲಿಷ್ಠವಾಗಿದ್ದುವೆಂದು ಇದರಿಂದ ತಿಳಿಯಿತು. ಸೊಂಟದ ಹತ್ತಿರದ ಪಕ್ಕೆಲುಬುಗಳು ಬೇರೆಯ ಆಕಾರವನ್ನು ತಳೆದು, ಬಹುಶಃ ಮೆದುವಾದ ಅಂಗಾಂಶದ ಮೂಲಕ, ಸೊಂಟವನ್ನು ಬೆನ್ನುಮೂಳೆಗೆ ಕಟ್ಟಿದ್ದುವೆಂದು ೨೦೨೪ರ ಸಂಶೋಧನೆಯೊಂದು ಸೂಚಿಸಿತು. ಕೆನಡದ ಮಿಗ್ವಾಷದಲ್ಲಿ ದೊರೆತ ಎಲ್ಪಿಸ್ಟೋಸ್ಟೆಗೆ ಎಂಬ ಸಮೀಪಬಂಧುವಿನ ಪೂರ್ಣ ದೇಹವನ್ನು ೨೦೨೦ರಲ್ಲಿ ವರ್ಣಿಸಿದಾಗ, ಅದರ ಈಜುರೆಕ್ಕೆಯೊಳಗೆ ಬೆರಳಿನಂಥ ಎಲುಬುಗಳ ಸಾಲುಗಳೇ ಕಂಡುವು. ಹೊರಗೆ ರೆಕ್ಕೆ, ಒಳಗೆ ಬೆರಳು.

ಎಲ್ಸ್‌ಮಿಯರಿನಿಂದ ೨೦೦೪ರಲ್ಲಿಯೇ, ಟಿಕ್ಟಾಲಿಕ್ಕಿಗಿಂತ ಕೆಲವೇ ದಿನಗಳ ಮೊದಲು, ಆಯ್ದು ತಂದಿದ್ದ ಕಲ್ಲಿನ ಚೂರುಗಳಲ್ಲಿ ಒಂದು ದವಡೆಯೂ ಕೆಲವು ಹುರುಪೆಗಳೂ ಇದ್ದುವು. ಅವು ವರ್ಷಾನುಗಟ್ಟಲೆ ಕಪಾಟಿನಲ್ಲಿ ಉಳಿದವು. ೨೦೨೦ರ ಮಾರ್ಚ್ ತಿಂಗಳಲ್ಲಿ, ಸಾಂಕ್ರಾಮಿಕದ ಕಾರಣ ಪ್ರಯೋಗಶಾಲೆಗಳು ಮುಚ್ಚುವುದಕ್ಕೆ ಸ್ವಲ್ಪ ಮುನ್ನ, ಆ ಕಲ್ಲನ್ನು ಕ್ಷಕಿರಣಯಂತ್ರಕ್ಕೆ ಒಡ್ಡಿದರು. ಎಲುಬೂ ಕಲ್ಲೂ ಕಿರಣಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುವುದರಿಂದ, ಉಳಿ ಸುತ್ತಿಗೆಗಳಿಲ್ಲದೆಯೇ ಒಳಗಿನ ಆಕಾರ ಗೋಚರವಾಗುತ್ತದೆ. ಒಳಗೆ ಒಂದು ಪೂರ್ಣ ಈಜುರೆಕ್ಕೆಯಿತ್ತು. ೨೦೨೨ರಲ್ಲಿ ಆ ಮೀನಿಗೆ ಕಿಕಿಕ್ಟಾನಿಯ ಎಂದು ಹೆಸರಿಟ್ಟರು. ಟಿಕ್ಟಾಲಿಕ್ಕಿನ ಹತ್ತಿರದ ನಂಟ ಅದು. ಆದರೆ ಊರಿ ನಿಲ್ಲುವುದಕ್ಕೆ ಬೇಕಾದ ಸ್ನಾಯುಗಳು ಅಂಟುವ ಏಣುಗಳು ಅದರ ತೋಳೆಲುಬಿನ ಮೇಲೆ ಇಲ್ಲ. ಎಲುಬು ನುಣುಪಾಗಿ ಬಾಗಿದೆ. ಅದರ ಪೂರ್ವಜರು ರೆಕ್ಕೆಯೂರಿ ನಿಲ್ಲುವುದನ್ನು ಅಭ್ಯಾಸಮಾಡಿದ್ದಿರಬೇಕು. ಕಿಕಿಕ್ಟಾನಿಯ ಅದನ್ನು ಬಿಟ್ಟುಕೊಟ್ಟು, ಆಳವಾದ ನೀರಿನಲ್ಲಿ ಈಜುವುದಕ್ಕೆ ಹಿಂದಿರುಗಿತ್ತು.